ಗಾದ್ರವ್ವನ ಗಂಟು

ಎಂಟು ಮಣದ ಗುಂಡನ್ನು ಹೆಗಲ ಮೇಲಿಟ್ಟು ಈ ಗುಡ್ಡವನ್ನು ಒಂದೇ ಉಸಿರಿಗೆ ಹತ್ತಿದವನು ನಾನೊಬ್ಬನೇ. ಕಂಡವರೆಲ್ಲ ಮಣ್ಣು ಸೇರಿದರೆ ಅದು ನನ್ನ ತಪ್ಪಲ್ಲ. ಇದು ಗಾದ್ರವ್ವನ ಗುಡ್ಡ. ಕೆಳಗಿರುವುದು ಗಾದ್ರವ್ವನ ಕೆರೆ, ಅದರಾಚೆಯ ನಮ್ಮ ಊರು ಗಾದ್ರವ್ವನಹಳ್ಳಿ. ಮಗುವಿಗೆ ಜೋಲಿ ಕಟ್ಟುವಾಗ ನಮ್ಮ ಹೆಂಗಸರು ಹಾಕುವ ಗಂಟಿಗೂ ಅದೇ ಹೆಸರು. ಬೀದಿಯಲ್ಲಿ ನಿಂತು 'ಏ ಗಾದ್ರವ್ವಾ' ಎಂದು ಕೂಗಿ ನೋಡಿ, ಏಳು ಬಾಗಿಲು ತೆರೆಯುತ್ತವೆ! ಇಷ್ಟಕ್ಕೂ ಮೂಲ ಒಬ್ಬಳೇ, ಅವಳು ಕಲ್ಲು ಒಡೆಯುವ ನಮ್ಮ ಕುಲದವಳು.

ಹಿಂದೆ ಒಮ್ಮೆ ಪಾಳೆಯಗಾರನೊಬ್ಬ ಇಲ್ಲಿ ಕೆರೆ ಕಟ್ಟಿಸಿದನಂತೆ. ತೂಬಿಗೆ ಬೇಕಾದ ಚಪ್ಪಡಿಯನ್ನು ಗುಡ್ಡದ ನೆತ್ತಿಯಲ್ಲಿ ಕಡಿದು, ಹಗ್ಗ ಬಿಗಿದು, ಇಪ್ಪತ್ತು ಆಳು ಹಿಂದಿನಿಂದ ಜಗ್ಗಿ ಹಿಡಿದು ಗೇಣು ಗೇಣಾಗಿ ಇಳಿಸುತ್ತಿದ್ದರು. ಹೆಣ್ಣು ಮುಟ್ಟಿದರೆ ಹಗ್ಗ ಹರಿಯುತ್ತದೆ ಎಂಬ ಕಟ್ಟುಪಾಡು ಆಗ ಇತ್ತು. ಅದಕ್ಕೇ ಗಾದ್ರವ್ವ ದೂರದ ಮರದಡಿ ಜೋಲಿ ತೂಗುತ್ತಿದ್ದಳು. ಅವಳ ಗಂಡ ಬಾಲಪ್ಪ ಹಾರೆ ಹಿಡಿದು ಚಪ್ಪಡಿಯ ಮುಂದಿದ್ದ. ನಡು ಇಳಿಜಾರಿನಲ್ಲಿ ಅವನ ಕಾಲು ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಮೇಲಿನವರ ಅಂಗೈ ಸುಲಿದು ಹಗ್ಗ ಜಾರತೊಡಗಿತು. ಗಾದ್ರವ್ವ ಓಡಿ ಬಂದಳು.

"ಮುಟ್ಟಬೇಡವೇ!" ಎಂದು ಮೇಸ್ತ್ರಿ ಕೂಗಿದ.

"ಮುಟ್ಟದಿದ್ದರೆ ನನ್ನ ಗಂಡನನ್ನು ನೀನು ತಂದುಕೊಡುತ್ತೀಯಾ?" ಎಂದವಳೇ ಹಗ್ಗದ ತುದಿಯನ್ನು ಬಂಡೆಯೊಂದಕ್ಕೆ ಮೂರು ಸುತ್ತು ಸುತ್ತಿ ಜೋಲಿಯ ಗಂಟು ಹಾಕಿದಳು. ಭಾರ ಬಿದ್ದಷ್ಟೂ ಬಿಗಿಯುವ ಗಂಟು ಅದು. ಹಗ್ಗ ಉಜ್ಜಿದ ರಭಸಕ್ಕೆ ಬಂಡೆಯಿಂದ ಹೊಗೆ ಎದ್ದಿತು. ಆ ಹೊಗೆ ಕಂಡು, ಅಡುಗೆ ಆಯಿತೆಂದು ಕೆಳಗಿನವರು ಊಟದ ಗಂಗಾಳ ಹಿಡಿದು ಗುಡ್ಡ ಹತ್ತಿದರು ಎನ್ನುತ್ತಾರೆ. ಬಂದು ನೋಡಿದರೆ, ಚಪ್ಪಡಿ ಬಾಲಪ್ಪನ ಎದೆಯಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತ್ತು. ಪಾಳೆಯಗಾರ ಕೆರೆಗೆ ತನ್ನ ತಾಯಿಯ ಹೆಸರಿಟ್ಟು ಡಂಗುರ ಹೊಡೆಸಿದ. ಆ ಹೆಸರು ಯಾರ ಬಾಯಿಗೂ ಹತ್ತಲಿಲ್ಲ, ಈಗ ನನಗೂ ಗೊತ್ತಿಲ್ಲ.

ಇಂದಿಗೂ ಬಂದವರು ಆ ಬಂಡೆಯ ಸುತ್ತ ಮೂರು ಗೆರೆಗಳನ್ನು ಕಾಣುತ್ತಾರೆ. ಬೆರಳಿಟ್ಟರೆ ಎರಡು ಗೆಣ್ಣು ಒಳಗೆ ಹೋಗುತ್ತದೆ. ಮೊನ್ನೆ ದೂರದಿಂದ ಬಂದವರಿಗೆ ಇದನ್ನೇ ತೋರಿಸುತ್ತಿದ್ದೆ. ಹಿಂದೆ ನಿಂತಿದ್ದ ನನ್ನ ಸೊಸೆ, ಅವಳೂ ಒಬ್ಬ ಗಾದ್ರವ್ವ, ಕೇಳಿದಳು: "ಮಾವ, ಯುಗಾದಿಗೆ ಮುಂಚೆ ಉಳಿ ಸುತ್ತಿಗೆ ಹಿಡಿದು ಈ ಬಂಡೆಯ ಹತ್ತಿರವೇ ಕೂತಿದ್ದಿರಲ್ಲ, ಏನು ಮಾಡುತ್ತಿದ್ದಿರಿ?"

ಬಂದವರೆಲ್ಲ ನನ್ನತ್ತ ತಿರುಗಿದರು. ನಾನು ಹೆಗಲ ಟವೆಲು ಕೊಡವಿದೆ.

"ಮಳೆಗೆ ಸವೆಯುತ್ತದೆ ತಾಯಿ. ಗಂಟು ಹಾಕಿದ್ದಂತೂ ಅವಳೇ."