ಕರಡಿ ಮೂತಿಯ ಜೇನು

"ರೀ, ನಿಮ್ಮ ಹುಡುಗರಿಗೆ ಲೆಕ್ಕ ಬಂದರೆ ಸಾಲದು, ಎದುರಿಗಿದ್ದವರ ಹತ್ತಿರ ಮಾತಾಡೋದನ್ನೂ ಕಲಿಸಿ" ಎಂದು ಹೇಳಿ ಹೆಂಡತಿ ಕಣ್ಣು ಮುಚ್ಚಿದಳು. ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಕಲಿಸುವ ಗಿಳಿ ಮೇಷ್ಟ್ರು ಅತ್ತರು. ಆಮೇಲೆ ಎಂದಿನಂತೆ ಬಾಯಿಪಾಠವನ್ನೇ ಮಾಡಿಸಿದರು: ಲೆಕ್ಕದ ಪುಸ್ತಕದಲ್ಲಿ ಡೆಬಿಟ್ ಎಡಗಡೆ, ಕ್ರೆಡಿಟ್ ಬಲಗಡೆ.

ಓದು ಮುಗಿಸಿದ ತಮ್ಮ ಶಿಷ್ಯೆ ಮೈನಾಳನ್ನು ಕರಡಿಯ ಜೇನಂಗಡಿಗೆ ಕೆಲಸ ಕೇಳಲು ಕರೆದೊಯ್ದರು.

"ಜೇನು ದಿನಾ ಕಮ್ಮಿಯಾಗ್ತಿದೆ, ಯಾಕವ್ವಾ?" ಎಂದು ಕರಡಿ ಮೂತಿ ನೆಕ್ಕುತ್ತಾ ಕೇಳಿತು.

"ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್!" ಎಂದು ಮೈನಾ ಒಪ್ಪಿಸಿದಳು.

"ಸರಿ, ಹೋದದ್ದು ಎಲ್ಲಿಗೆ?"

"ಬಲಗಡೆಗೆ!"

ಕರಡಿ ಬಲಗಡೆ ತಿರುಗಿ ನೋಡಿತು. ಬರೀ ಗೋಡೆ ಇತ್ತು. ಇಬ್ಬರನ್ನೂ ಹೊರಗೆ ಕಳಿಸಿತು.

"ಜೇನು ಅವನ ಮೂತಿಯಲ್ಲೇ ಇತ್ತಲ್ಲಮ್ಮಾ!" ಎಂದರು ಮೇಷ್ಟ್ರು.

"ಕಂಡಿತು ಸಾರ್. ಯಜಮಾನನಿಗೆ ಅದನ್ನ ಹೇಗೆ ಹೇಳೋದು ಅಂತ ನೀವು ಕಲಿಸಲಿಲ್ಲ."

ಮರುದಿನ ಬೆಳಿಗ್ಗೆ ಮೇಷ್ಟ್ರು ಕೊಕ್ಕಿಗೆ ಜೇನು ಬಳಿದುಕೊಂಡು ತರಗತಿಗೆ ಹೋಗಿ, "ನನ್ನ ಜೇನು ಎಲ್ಲಿ ಹೋಯಿತು, ಹೇಳ್ರಪ್ಪಾ" ಎಂದರು.