ಅರಿಶಿಣ ಹಚ್ಚಿದ ಫ್ರೆಂಚ್

ಹೊಳೆಯ ದಂಡೆಗೆ ಒಂದು ಮಠ. ದೊಡ್ಡದೇನಲ್ಲ. ಬಗ್ಗದೆ ಒಳಗೆ ಹೋದರೆ ಬಾಗಿಲೇ ತಲೆಗೆ ಬಡಿದು ಆಶೀರ್ವಾದ ಮಾಡಿಬಿಡುತ್ತಿತ್ತು.

ಅಲ್ಲಿಯ ಗುರು ಕರವೀರಜ್ಜಾರು. ಪ್ರವಚನ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಕೇಳಿ ಕೇಳಿ ಊರಿಗೂ ಸಾಕಾಗಿತ್ತು. ಹಾಗಾಗಿ ಇಬ್ಬರ ನಡುವೆ ಜಗಳವಿರಲಿಲ್ಲ.

ಶಿಷ್ಯ ಅಡಿವೆಪ್ಪ. ತೊಟ್ಟಿಲಲ್ಲಿ ಮಲಗುವ ವಯಸ್ಸಿನಲ್ಲೇ ಮಠಕ್ಕೆ ಬಂದುಬಿದ್ದವನು. ಅವನನ್ನು ಎತ್ತಿ ಆಡಿಸಿ, ಎರೆದು, ಹೊಡೆದು, ಉಣ್ಣಿಸಿ ದೊಡ್ಡವನನ್ನಾಗಿ ಮಾಡಿದವಳು ಜನ್ನವ್ವ.

ಜನ್ನವ್ವನ ದೇಶ ಫ್ರಾನ್ಸ್. ಖರೇ ಹೆಸರು ಜನೆವಿಯೆವ್. ಅದನ್ನು ಉಚ್ಚರಿಸಲು ಹೋಗಿ ಊರಿನ ಗೌಡರ ಹಲ್ಲಿನ ಸೆಟ್ಟು ಜಾರಿ ಬಿದ್ದ ಮೇಲೆ ಎಲ್ಲರೂ ಜನ್ನವ್ವ ಅಂತಲೇ ಕರೆದರು. ವಯಸ್ಸಿನಲ್ಲಿದ್ದಾಗ ಹೊಳೆ ನೋಡಿ ಹೋಗೋಣ ಅಂತ ಬಂದಿದ್ದಳು. ನೋಡುತ್ತ ನೋಡುತ್ತ ಮುದುಕಿಯಾಗಿದ್ದಳು. ರೊಟ್ಟಿ ಬಡಿಯುತ್ತಿದ್ದಳು, ಎಮ್ಮೆ ಮೇಯಿಸುತ್ತಿದ್ದಳು, ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದಳು. ಅವಳ ಬೈಗುಳಕ್ಕೆ ನಾಚಿ ಎಮ್ಮೆ ತಾನಾಗಿಯೇ ಕೊಟ್ಟಿಗೆಗೆ ಹೋಗಿ ನಿಲ್ಲುತ್ತಿತ್ತು.

ಆ ವರ್ಷ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಬಾಯಿ ಸೊಟ್ಟಗಾಯಿತು. ಜೊತೆಗೆ ಕನ್ನಡವೂ ಹೋಯಿತು, ಬೈಗುಳ ಸಮೇತ. ಉಳಿದದ್ದು ಹುಟ್ಟೂರಿನ ಫ್ರೆಂಚ್ ಒಂದೇ.

"ಹಂಗಾಗ್ತೈತಿ," ಅಂದರು ಡಾಕ್ಟರು. "ಕಡೀಕ ಕಲ್ತದ್ದು ಮೊದಲು ಹೋಗ್ತೈತಿ. ಇನ್ನ ಬಾಳ ದಿವಸ ಇಲ್ಲ. ಏನ್ ಕೇಳ್ತಾಳ ಕೊಡ್ರಿ."

ಕೊಡೋಣ. ಆದರೆ ಏನು ಕೇಳುತ್ತಾಳೆ ಅಂತ ಯಾರಿಗೆ ತಿಳಿಯಬೇಕು.

ಲಕ್ವ ಹೊಡೆದಂದಿನಿಂದ ಅಡಿವೆಪ್ಪನಿಗೆ ನಿದ್ದೆಯಿರಲಿಲ್ಲ. ದಿನಾ ಸಂಜೆ ಗಂಜಿ ಕುಡಿಸಲು ಹೋಗುತ್ತಿದ್ದ. ಕುಡಿದಾದ ಮೇಲೆ ಜನ್ನವ್ವ ಎಡಗೈಯಿಂದ ಅವನ ಮಣಿಕಟ್ಟು ಹಿಡಿದು ಏನೋ ಹೇಳುತ್ತಿದ್ದಳು. ದಿನಾ ಅದೇ ಮಾತು, ಅದೇ ರಾಗ. ಹೇಳಿ, ಅವನ ಮುಖ ನೋಡಿ, ಕೈ ಬಿಟ್ಟು, ಗೋಡೆ ಕಡೆ ತಿರುಗುತ್ತಿದ್ದಳು.

ಅಡಿವೆಪ್ಪ ಅಜ್ಜಾರ ಹತ್ತಿರ ಹೋದ.

"ಅಜ್ಜಾರ, ಅಕಿಗೆ ಏನೋ ಬೇಕಾಗೇತ್ರಿ. ಕಡೀ ಆಸೆ ಇರಬೇಕು. ಅದು ನನಗ ತಿಳೀದನ ಅಕಿ ಹೋಗಿಬಿಟ್ರ ನಾ ಹೆಂಗ ಬದಕ್ಲಿ?"

"ತಿಳಕೋ ಮತ್ತ."

"ಹೆಂಗ್ರಿ? ಫ್ರೆಂಚ್ ಬರೂದಿಲ್ಲಲ್ರಿ."

"ಅಕಿಗೆ ನಮ್ಮ ಮಾತು ಹೆಂಗ ಬಂತು?"

"ಅಡಗಿಮನ್ಯಾಗ ಗಂಗಮಾಳವ್ವನ ಕಡೆ ಬೈಸಿಕೊಂಡು."

"ನೀನೂ ಹೋಗಿ ಅಕಿ ಮುಂದ ಕೂಡು."

ಅಡಿವೆಪ್ಪ ಕೂಡಲಿಲ್ಲ. ಫೋನ್ ತಂದು ಅವಳ ಬಾಯಿಗೆ ಹಿಡಿದ. ಸೊಟ್ಟ ಬಾಯಿಯ ಫ್ರೆಂಚ್ ಫೋನಿಗೂ ಹತ್ತಲಿಲ್ಲ. ಒಮ್ಮೆ 'ಮತ್ತೊಮ್ಮೆ ಹೇಳಿ' ಅಂದಿತು. ಇನ್ನೊಮ್ಮೆ ಹತ್ತಿರದಲ್ಲಿರುವ ಟೈರ್ ಅಂಗಡಿಗಳನ್ನು ತೋರಿಸಿತು. ಜನ್ನವ್ವ ಫೋನ್ ಇಸಿದುಕೊಂಡು ಮೆಲ್ಲಗೆ ಗಂಜಿಯ ಬಟ್ಟಲಲ್ಲಿ ಮುಳುಗಿಸಿದಳು. ತೊಳೆದು ಬಿಸಿಲಿಗಿಟ್ಟ ಮೇಲೆ ಅದು ಬದುಕಿತು.

ಪೇಟೆಯಲ್ಲಿ ಫ್ರೆಂಚ್ ಕಲಿಸುವ ಮೇಷ್ಟ್ರೊಬ್ಬರಿದ್ದರು. ಅವರಿಗೆ ಫೋನಿನಲ್ಲೇ ಜನ್ನವ್ವನ ಮಾತು ಕೇಳಿಸಿದ.

"ನಾವು ಪುಸ್ತಕದ ಫ್ರೆಂಚ್ ಓದಿದವ್ರಪ್ಪ," ಅಂದರು ಮೇಷ್ಟ್ರು. "ಈ ಬಾಯಿಂದ ಬಂದದ್ದು ನನಗೆ ತಿಳೀತಾ ಇಲ್ಲ. ನೀನೇ ಕಲಿ. ಕಾರ್ಡು ಮಾಡ್ಕೋ. ಒಂದು ಕಡೆ ಫ್ರೆಂಚ್ ಶಬ್ದ, ಇನ್ನೊಂದು ಕಡೆ ಅರ್ಥ. ದಿನಾ ತಿರುವಿ ಹಾಕು, ತಾನಾಗೇ ಬರುತ್ತೆ."

ಕಾರ್ಡಿಗೆ ದಪ್ಪ ಕಾಗದ ಬೇಕು. ಮಠದಲ್ಲಿ ಅದಕ್ಕೇನೂ ಬರವಿರಲಿಲ್ಲ. ಸುತ್ತಲಿನ ಊರುಗಳಲ್ಲಿ ಯಾರದೇ ಲಗ್ನವಿರಲಿ, ಮೊದಲ ಲಗ್ನಪತ್ರಿಕೆ ಗದ್ದುಗೆಯ ಮುಂದೆ ಬರುತ್ತಿತ್ತು, ನಾಲ್ಕೂ ಮೂಲೆಗೆ ಹಿಂದೆ ಮುಂದೆ ಅರಿಶಿಣ ಹಚ್ಚಿಸಿಕೊಂಡು. ಗದ್ದುಗೆಯ ಹಿಂದೆ ಅವು ಆಳೆತ್ತರ ಬೆಳೆದಿದ್ದವು. ಕೆಲವು ಪತ್ರಿಕೆಯ ಮದುಮಕ್ಕಳಿಗೆ ಮೊಮ್ಮಕ್ಕಳಾಗಿದ್ದರು. ಕೆಲವು ಲಗ್ನ ಮುರಿದುಹೋಗಿದ್ದವು, ಪತ್ರಿಕೆ ಮಾತ್ರ ಗಟ್ಟಿಯಾಗಿತ್ತು.

ಅಡಿವೆಪ್ಪ ಒಂದೊಂದು ಪತ್ರಿಕೆ ಕತ್ತರಿಸಿ ನಾಲ್ಕು ತುಂಡು ಮಾಡಿದ. ಹಿಂದಿನ ಬಿಳಿ ಬದಿಗೆ ಫ್ರೆಂಚ್ ಶಬ್ದವನ್ನು ಕನ್ನಡ ಅಕ್ಷರದಲ್ಲಿ ಬರೆದ. ಮುಂದಿನ ಬದಿಗೆ, ಮದುಮಗನ ಹೆಸರಿಗೂ ಮುಹೂರ್ತಕ್ಕೂ ನಡುವೆ ಜಾಗ ಹುಡುಕಿ, ಅರ್ಥ ಬರೆದ.

ಆಮೇಲೆ ಅವನಿಗೆ ಬೇರೆ ಲೋಕವಿರಲಿಲ್ಲ. ಕಸ ಗುಡಿಸುವಾಗ ಕಾರ್ಡು. ಉಣ್ಣುವಾಗ ಕಾರ್ಡು. ಊರೆಲ್ಲ ಮಲಗಿದ ಮೇಲೂ ಕಾರ್ಡು. ಹಾಲು ಹಿಂಡುತ್ತ ತೂಕಡಿಸಿ ಎಮ್ಮೆಯ ಹೊಟ್ಟೆಗೆ ತಲೆ ಒರಗಿಸಿದ. ಎಮ್ಮೆ ಸ್ವಲ್ಪ ಹೊತ್ತು ಸಹಿಸಿ, ನಂತರ ಒದೆಯಿತು.

ಮಠದ ಅಡುಗೆಯ ಗಂಗಮಾಳವ್ವ ಮೊಣಕಾಲಿಗೆ ಎಣ್ಣೆ ಸವರುತ್ತ ಕೇಳಿದಳು. "ಏನೋ ಯಪ್ಪಾ, ಎಷ್ಟು ಕಲ್ತಿ?"

"ಬಾಳ ಕಲ್ತೀನಿ."

"ಎಣ್ಣಿಗೆ ಏನಂತಾರ?"

"ಎಣ್ಣಿ ಇನ್ನೂ ಬಂದಿಲ್ಲ. ಕುದರಿ ಬರ್ತೈತಿ. ಶೆವಾಲ್."

"ಕುದರಿ ತಗೊಂಡು ಏನ್ ಮಾಡ್ತೀಯೋ, ಒದ್ದದ್ದು ಎಮ್ಮಿ."

ಆ ಸಂಜೆ ಅಡಿವೆಪ್ಪ ಗಂಜಿಯ ಜೊತೆ ಕಾರ್ಡಿನ ಕಟ್ಟನ್ನೂ ಒಯ್ದ. ಒಂದನ್ನು ಎತ್ತಿ ಹಿಡಿದ.

"ಪೊಮ್," ಅಂದ. ಸೇಬು ಅಂತ ಅರ್ಥ.

ಜನ್ನವ್ವ ಕಾರ್ಡು ನೋಡಲಿಲ್ಲ, ಅವನನ್ನು ನೋಡಿದಳು.

ಓಡಿಹೋಗಿ ನೈವೇದ್ಯಕ್ಕೆ ಇಟ್ಟಿದ್ದ ಸೇಬು ತಂದು ಅವಳ ಕೈಗಿಟ್ಟ. ಅವಳು ಅದನ್ನು ಅವನ ಬಾಯಿಗೇ ತುರುಕಿದಳು. ಬಾಯಿ ತುಂಬ ಸೇಬು ಇಟ್ಟುಕೊಂಡೇ ಅವನು ಛತ್ರಿ ಅಂದ, ಚಿಟ್ಟೆ ಅಂದ, ರೈಲ್ವೆ ಸ್ಟೇಷನ್ ಅಂದ, ಎಲ್ಲ ಫ್ರೆಂಚಿನಲ್ಲಿ. ಹುಚ್ಚರ ಮುಂದೆ ಕೂತವರು ತಲೆಯಾಡಿಸುವ ಹಾಗೆ ಜನ್ನವ್ವ ತಲೆಯಾಡಿಸಿದಳು. ಆಮೇಲೆ ಮಣಿಕಟ್ಟು ಹಿಡಿದಳು. ಅದೇ ಮಾತು ಹೇಳಿದಳು. ಗೋಡೆ ಕಡೆ ತಿರುಗಿದಳು.

ಮರುದಿನ ಬೆಳಗ್ಗೆ ಅವನು ಅಜ್ಜಾರ ಮುಂದೆ ಕೂತ.

"ಪರೀಕ್ಷಾ ಮಾಡ್ರಿ ಅಜ್ಜಾರ. ಯಾವುದರ ಹಿಡೀರಿ, ಹೇಳ್ತೀನಿ. ಒಂದೂ ತಪ್ಪೂದಿಲ್ಲ. ಆದ್ರ ಅಕಿ ಮಾತಿನ್ಯಾಗ ಇವು ಒಂದೂ ಬರವಲ್ವು."

ಅಜ್ಜಾರು ಕಾರ್ಡು ಎತ್ತಿದರು. ಅವನು ಅರ್ಥ ಹೇಳಿದ. ಇನ್ನೊಂದು ಎತ್ತಿದರು. ಹೇಳಿದ. ಮತ್ತೊಂದು ಪೂರ್ತಿ ಮೇಲೆ ಬರುವ ಮೊದಲೇ ಹೇಳಿಬಿಟ್ಟ.

"ಓದೂ ಮೊದಲ ಹೇಳ್ತೀಯಲ್ಲಲೇ," ಅಂದರು ಅಜ್ಜಾರು.

"ಅಷ್ಟು ಪಕ್ಕಾ ಆಗ್ಯಾವ್ರಿ."

ಅಜ್ಜಾರು ಆಕಳಿಸಿದರು. ಕಾರ್ಡಿನ ಕಟ್ಟನ್ನು ತಮ್ಮ ಹತ್ತಿರವೇ ಇಟ್ಟುಕೊಂಡು, "ಸ್ನಾನ ಮಾಡಿ ಬಾ, ನಾತ ಹೊಡ್ಯಾಕತ್ತಿ," ಅಂದರು.

ಅವನು ಹೊಳೆಗೆ ಹೋದ. ಅಜ್ಜಾರು ಅರಿಶಿಣದ ಬಟ್ಟಲು ತರಿಸಿ ಕಾಲು ಚಾಚಿ ಕೂತರು. ಸ್ನಾನ ಮಾಡಿ ಬಂದವನ ಮುಂದೆ ಮತ್ತೆ ಕಾರ್ಡು ಹಿಡಿದರು.

ಅಡಿವೆಪ್ಪ ಬಾಯಿ ತೆರೆದ. ಏನೂ ಬರಲಿಲ್ಲ.

ಇನ್ನೊಂದು ಹಿಡಿದರು. ಅವನು ಅಕ್ಷರ ಓದಿದ. "ಪಾರಾಪ್ಲ್ವಿ." ಮತ್ತೊಮ್ಮೆ ಓದಿದ. ಅರ್ಥ ಹೊಳೆಯಲಿಲ್ಲ.

"ಅಜ್ಜಾರ, ಬಾತುಕೋಳಿ ಎಲ್ಲಿ ಹೋತ್ರಿ?"

"ಯಾವ ಬಾತುಕೋಳಿ?"

"ಈ ಮೂಲ್ಯಾಗ ಅರಿಶಿಣದ ಕಲೆ ಬಾತುಕೋಳಿ ಹಂಗ ಇತ್ರಿ. ಬಾತುಕೋಳಿ ಇದ್ರ ಛತ್ರಿ. ಎರಡು ಬೆರಳಿನ ಗುರುತಿದ್ರ ಸ್ಟೇಷನ್. ಒಣಗಿ ಬಿರಿದಿದ್ರ ಸೇಬು." ಒಂದೊಂದೇ ಕಾರ್ಡು ತಿರುವಿ ನೋಡಿದ. ಎಲ್ಲ ಕಾರ್ಡಿನ ಮೂಲೆಯಲ್ಲೂ ಒಂದೇ ಸಮ, ದಪ್ಪಗೆ, ಹಸಿ ಅರಿಶಿಣ. "ಇದನ್ನ ಯಾರು ಮಾಡಿದ್ರು?"

"ನಾನ. ಶುಭಕಾರ್ಯದಾಗ ಅರಿಶಿಣ ಕಡಿಮಿ ಮಾಡಬಾರದು."

"ಇಷ್ಟು ದಿವಸ ಕಲ್ತ ಫ್ರೆಂಚ್ ಎಲ್ಲಾ ಹೋತಲ್ರಿ."

"ನೀ ಕಲ್ತದ್ದು ಫ್ರೆಂಚ್ ಅಲ್ಲ ತಮ್ಮಾ."

"ಮತ್ತೇನ್ರಿ?"

"ಮಂದಿ ಲಗ್ನದ ಅರಿಶಿಣ."

ಅಡಿವೆಪ್ಪ ಕಾರ್ಡು ನೆಲಕ್ಕೆ ಚೆಲ್ಲಿದ. ಸಿಟ್ಟು ಮಾಡಲೂ ಶಕ್ತಿ ಇರಲಿಲ್ಲ, ಹಾಗಾಗಿ ಕೂತಲ್ಲೇ ಹೇಳಿದ.

"ಅಕಿ ಸಾಯಾಕತ್ತಾಳ. ನಿಮಗ ಚ್ಯಾಷ್ಟಿ."

"ಹೌದು," ಅಂದರು ಅಜ್ಜಾರು. "ಸಾಯಾಕತ್ತಾಳ."

ಒಂದು ಕೋಳಿ ಬಂದು ಚಿಟ್ಟೆಯ ಕಾರ್ಡನ್ನು ಕುಕ್ಕಿ ನೋಡಿತು. ರುಚಿಸಲಿಲ್ಲ.

"ಏನೇನ್ ಶಬ್ದ ಬರದೀದಿ, ಅರ್ಥ ಓದು," ಅಂದರು ಅಜ್ಜಾರು.

"ಸೇಬು. ಕುದರಿ. ಛತ್ರಿ. ಚಿಟ್ಟಿ. ಸ್ಟೇಷನ್. ಟೊಪಗಿ."

"ಲಕ್ವ ಹೊಡೆದ ಮುದುಕಿ ದಿನಾ ನಿನ್ನ ಕೈ ಹಿಡಿದು ಟೊಪಗಿ ಸುದ್ದಿ ಹೇಳ್ತಾಳೇನು?"

"ಇಲ್ರಿ."

"ಮತ್ತ ಇವನ್ನ ಯಾಕ ಆರಿಸಿದಿ?"

"ಇವಕ್ಕ ಚಿತ್ರ ಇರ್ತಾವ್ರಿ. ಕಲಿಯಾಕ ಸಸಾರ."

ಅಜ್ಜಾರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ ಕೇಳಿದರು.

"ಅಕಿ ಹೇಳೂವಾಗ ನೀ ಎಲ್ಲಿ ನೋಡ್ತಿ?"

"ಬಾಯಿ ನೋಡ್ತೀನ್ರಿ. ಶಬ್ದ ಹಿಡೀಬೇಕಲ್ರಿ."

"ಅಕಿ ಎಲ್ಲಿ ನೋಡ್ತಾಳ?"

ಅಡಿವೆಪ್ಪ ನೆನಪು ಮಾಡಿಕೊಂಡ. ಬಹಳ ಹೊತ್ತು ಬೇಕಾಯಿತು.

"ನನ್ನ ಕಣ್ಣು ನೋಡ್ತಾಳ್ರಿ. ಕಣ್ಣ ಕೆಳಗ."

ಅಜ್ಜಾರು ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಅಗಲ ಪರಾತಕ್ಕೆ ಸುರುವಿ ಅವನ ಮುಂದೆ ಜರುಗಿಸಿದರು. ನೀರು ನಿಂತ ಮೇಲೆ ಅವನು ಬಗ್ಗಿದ. ಅಲ್ಲೊಂದು ಮುಖವಿತ್ತು. ಕಣ್ಣು ಗುಳಿಬಿದ್ದಿದ್ದವು. ಕೆಳಗೆ ಕಾಡಿಗೆ ಒರೆಸಿದ ಹಾಗೆ ಕಪ್ಪು.

"ಫೋನ್ ತಗಿ," ಅಂದರು ಅಜ್ಜಾರು. "ದಣದೀದಿ ಅನ್ನೂದಕ್ಕ ಅವರಲ್ಲಿ ಏನಂತಾರ ಕೇಳು. ಹೋಗಿ ಮಲ್ಕೋ ಅನ್ನೂದಕ್ಕ ಏನಂತಾರ ಕೇಳು."

ಕೇಳಿದ. ಗಂಜಿ ಕುಡಿದು ಬದುಕಿದ ಫೋನು ಗೊರ ಗೊರ ಅಂತಲೇ ಹೇಳಿತು.

"ತು ಎ ಫತಿಗೆ. ವಾ ದೋರ್ಮೀರ್."

ಅಡಿವೆಪ್ಪ ಮತ್ತೊಮ್ಮೆ ಕೇಳಿಸಿಕೊಂಡ. ಫೋನಿನ ಬಾಯಿ ನೆಟ್ಟಗಿತ್ತು, ಜನ್ನವ್ವನದು ಸೊಟ್ಟಗಿತ್ತು. ಅಷ್ಟೇ ಫರಕು. ರಾಗ ಸಮೇತ ಅದೇ.

"ಇದನ್ನ ರೀ," ಅಂದ. "ದಿನಾ ಇದನ್ನ."

"ಹೂಂ."

"ನಿಮಗ ಫ್ರೆಂಚ್ ಬರ್ತೈತ್ರೀ ಅಜ್ಜಾರ?"

"ಎಲ್ಲಿ ಬರ್ತೈತಲೇ."

"ಮತ್ತ ಹೆಂಗ ತಿಳೀತು?"

"ನಿನ್ನ ಮಾರಿ ನೋಡಿದ್ರ ನನ್ನ ಬಾಯಿಗೂ ಅದ ಬರ್ತಿತ್ತು."

"ಮತ್ತ ಮೊದಲ ಯಾಕ ಹೇಳ್ಲಿಲ್ರಿ?"

"ನಾ ಹೇಳಿದ್ರ ಅದು ನನ್ನ ಮಾತು ಆಗ್ತಿತ್ತು. ನಿನಗ ಬೇಕಾಗಿದ್ದು ಅಕಿದು."

ಅಡಿವೆಪ್ಪ ಮೂಗು ಒರೆಸಿಕೊಂಡ. ಆಮೇಲೆ ಕತ್ತರಿಗೆ ಕೈ ಹಾಕಿದ. ಇನ್ನೊಂದು ಲಗ್ನಪತ್ರಿಕೆ ಎಳೆದುಕೊಂಡ.

"ಏನ್ ಮಾಡ್ತಿ?"

"ಅಕಿಗೆ ಉತ್ತರಾ ಕೊಡಬೇಕಲ್ರಿ. ಫ್ರೆಂಚಿನ್ಯಾಗ ಬರಕೋತೀನಿ."

ಅಜ್ಜಾರು ಕತ್ತರಿ ಕಸಿದು ತಮ್ಮ ತೊಡೆಯ ಕೆಳಗೆ ಹಾಕಿಕೊಂಡು ಕೂತರು.

"ಮಲ್ಕೋ ಅಂದವರಿಗೆ ಉತ್ತರಾ ಹೆಂಗ ಕೊಡ್ತಾರಲೇ ಖೋಡಿ? ಮಲ್ಕೊಂಡು."

ಮಧ್ಯಾಹ್ನ. ಅಡಿವೆಪ್ಪ ಬರಿಗೈಯಲ್ಲಿ ಜನ್ನವ್ವನ ಕೋಣೆಗೆ ಹೋದ. ಅವಳು ಎಚ್ಚರವಿದ್ದಳು. ಅವನು ಅವಳ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿ ಅಡ್ಡಾದ.

ಮೇಲಿನಿಂದ ಎಡಗೈ ಇಳಿದು ಬಂತು. ಮಣಿಕಟ್ಟು ಹುಡುಕಲಿಲ್ಲ. ಕೂದಲಲ್ಲಿ ಬೆರಳಿಟ್ಟು ನಿಂತಿತು. ಆ ದಿನ ಅವಳು ಏನೂ ಹೇಳಲಿಲ್ಲ.

ಅವನು ಬಾವಿಗೆ ಬಿದ್ದ ಕೊಡದ ಹಾಗೆ ನಿದ್ದೆಗೆ ಬಿದ್ದ.

ಗಂಗಮಾಳವ್ವ ಭುಜ ಹಿಡಿದು ಎಬ್ಬಿಸಿದಾಗ ಕಿಟಕಿಯಲ್ಲಿ ಬಿಸಿಲು ಕೆಂಪಾಗಿತ್ತು.

"ಏಳೋ ಯಪ್ಪಾ," ಅಂದಳು. "ಏಳು."

ಕೈ ಇನ್ನೂ ಅವನ ತಲೆಯ ಮೇಲೇ ಇತ್ತು. ತಣ್ಣಗಾಗಿತ್ತು.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಅಡಿವೆಪ್ಪ ಬಂದು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತ. ಕೆನ್ನೆಯ ಮೇಲೆ ಚಾಪೆಯ ಗೆರೆ ಹಾಗೇ ಇದ್ದವು.

"ನಾ ಮಲ್ಕೊಂಡಿದ್ನ್ರಿ."

"ಹೂಂ."

"ಇಷ್ಟು ದಿವಸ ಎಚ್ಚರಿದ್ದೆ. ಅಕಿ ಹೋಗೂವಾಗ ಗೊರಕಿ ಹೊಡಿತಿದ್ದೆ."

"ಹೂಂ."

"ನೀವ ಮಲ್ಕೋ ಅಂದ್ರಿ."

"ನಾ ಎಲ್ಲಿ ಅಂದೆ. ಅಕಿ ಅಂದ್ಲು."

"ಎಚ್ಚರಿದ್ದಿದ್ರ ಬಾಯಾಗ ನೀರರ ಬಿಡ್ತಿದ್ದೆ. ಒಮ್ಮೆ ಅವ್ವಾ ಅಂತಿದ್ದೆ. ನಾ ಒಂದೀಟು ಕಣ್ಣು ಮುಚ್ಚಿದ್ದ ತಡ, ಹೋಗಿಬಿಟ್ಳಲ್ರಿ. ಹಿಂಗ್ಯಾಕ ಮಾಡಿದ್ಳು?"

ಅಜ್ಜಾರು ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿದರು. ಅವನು ಕೂತ. ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು.

"ಕೂಸು ಎಚ್ಚರಿದ್ರ," ಅಂದರು ಅಜ್ಜಾರು, "ತಾಯಿ ಹೆಂಗಲೇ ಎದ್ದು ಹೋಗ್ತಾಳ?"