ಬಾಯಿ ಬಿಡದ ಪುಟ್ಟೀರಮ್ಮ

ಸೊಪ್ಪು ಮಾರುವ ಪುಟ್ಟೀರಮ್ಮನಿಗೆ ಹುಟ್ಟಿನಿಂದಲೇ ಹೃದಯ ಬಲಗಡೆ. ಅದಕ್ಕೇ ಮೆಡಿಕಲ್ ಕಾಲೇಜಿನವರು ಪರೀಕ್ಷೆ ಬಂದಾಗಲೆಲ್ಲ ಅವಳನ್ನು ಕರೆಸಿ ಮಂಚದ ಮೇಲೆ ಮಲಗಿಸುತ್ತಿದ್ದರು.

ಈ ಸಲದ ಪರೀಕ್ಷಕರು ಮಹಾ ಬಿಗಿ. "ನೋಡಮ್ಮ, ಹೃದಯ ಎಲ್ಲಿದೆ ಅಂತ ಹುಡುಗರೇ ಕಂಡುಹಿಡಿಯಬೇಕು. ನೀನು ಬಾಯಿ ಬಿಟ್ಟರೆ ಅವರು ಫೇಲು!" ಎಂದು ಗದರಿದರು.

ಬಂದವರೆಲ್ಲ ಮಾತೂ ಆಡದೆ ತಣ್ಣನೆಯ ಸ್ಟೆತಾಸ್ಕೋಪನ್ನು ಎಡ ಎದೆಗೆ ಒತ್ತಿ, ತಲೆ ಕೆರೆದುಕೊಂಡು ಹೋದರು. ಸಿಂಚನಾ ಎಂಬ ಹುಡುಗಿ ಮಾತ್ರ ಅದನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು, "ಅಜ್ಜಿ, ಇಡಲಾ?" ಎಂದಳು. ಎಡಗಡೆ ಸದ್ದು ಸರಿಯಾಗಿ ಸಿಗದೆ ಅವಳ ಕಣ್ಣು ತುಂಬಿತು. ಪುಟ್ಟೀರಮ್ಮನ ಕರುಳು ಚುರ್ರೆಂದಿತು. ತುಟಿ ಬಿಗಿಹಿಡಿದೇ ಎದ್ದು ಕೂತು, ಹುಡುಗಿಯ ತಲೆಯನ್ನು ತನ್ನ ಬಲ ಎದೆಗೆ ಅವುಚಿಕೊಂಡಳು. ಹುಡುಗಿಯ ಮುಖ ಅರಳಿತು.

"ಹೇಳಿಕೊಟ್ಟೆಯಲ್ಲಾ!" ಪರೀಕ್ಷಕರು ಹಾರಾಡಿದರು.

"ನಾನೆಲ್ಲಿ ಬಾಯಿ ಬಿಟ್ಟೆ ಸ್ವಾಮಿ? ಅಳೋ ಮಗೂನ ಅವುಚಿಕೊಂಡೆ. ಎದೆ ತನ್ನ ಪಾಡಿಗೆ ಹೊಡ್ಕೊಂಡ್ರೆ ನಾನೇನ್ ಮಾಡ್ಲಿ? ಸುಮ್ನಿರು ಅಂತ ನೀವು ಅದಕ್ಕೆ ಹೇಳೇ ಇಲ್ವಲ್ಲ."

"ಮಿಕ್ಕವರನ್ನ ಯಾಕೆ ಅವುಚಿಕೊಳ್ಳಲಿಲ್ಲ?"

"ನಂಗೂ ಚಳಿ ಆಗುತ್ತೆ ಅಂತ ಅವರ್ಯಾರೂ ನೋಡ್ಲಿಲ್ವಲ್ಲ ಸ್ವಾಮಿ."

ಪರೀಕ್ಷಕರು ತಮ್ಮ ಸ್ಟೆತಾಸ್ಕೋಪ್ ಹಿಡಿದು ಅವಳ ಎದೆಯತ್ತ ಬಾಗಿದವರು ಅರ್ಧಕ್ಕೇ ನಿಂತರು. ಆಮೇಲೆ ಅದನ್ನು ಮೆಲ್ಲಗೆ ಅಂಗೈಯಲ್ಲಿ ಉಜ್ಜತೊಡಗಿದರು.